ಉಷಾರಾಣಿ ತಲೆಗೆ ಎಣ್ಣೆ ಹಚ್ಚಿಕೊಂಡ ಜುಲೈ ನಾಲ್ಕು

ಉಷಾರಾಣಿಯ ಬಗ್ಗೆ ಬರೆಯುತ್ತೇನೆ ಎಂದಾಗ ನನ್ನ ಗಂಡ, "ಅವರು ಏನು ಮಾಡಿದ್ರು ಅಂತ ಬರೀತೀಯ?" ಎಂದು ಕೇಳಿದ. ಏನೂ ಮಾಡಲಿಲ್ಲ, ಅದಕ್ಕೇ ಬರೆಯುತ್ತೇನೆ ಎಂದೆ. ಮನೆ ತುಂಬ ಜನ ಇದ್ದ ಒಂದು ಇಡೀ ದಿನ, ತನ್ನ ಸ್ವಂತ ಮನೆಯಲ್ಲಿ, ಅವಳು ಯಾರಿಗಾಗಿಯೂ ಏನೂ ಮಾಡಲಿಲ್ಲ. ಇದೇನು ಮಹಾ ಎನ್ನುವ ಹೆಂಗಸರು ಯಾರಾದರೂ ಇದ್ದರೆ ಒಂದು ಸಲ ಮಾಡಿ ನೋಡಲಿ. ಗಂಡಸರು ಮಾಡಿ ನೋಡುವುದು ಬೇಡ, ಅವರಿಗೆ ಅಭ್ಯಾಸ ಇದೆ.

ಉಷಾ ಮೈಸೂರಿನ ಒಂಟಿಕೊಪ್ಪಲಿನವಳು. ಮದುವೆಯಾದ ಮೇಲೆ ಟೆಕ್ಸಸ್ಸಿಗೆ ಬಂದವಳು ಇಲ್ಲೇ ಬೇರು ಬಿಟ್ಟಳು. ಆಸ್ಟಿನ್ ಪಕ್ಕದ ಸೀಡರ್ ಪಾರ್ಕಿನಲ್ಲಿ ಮನೆ. ಗಂಡ ಲಕ್ಷ್ಮೀನಾರಾಯಣ ಚಿಪ್ ಕಂಪನಿಯಲ್ಲಿ ಎಂಜಿನಿಯರ್. ಜೋರು ದನಿ ಮಾಡಿದವರಲ್ಲ, ಹೆಂಡತಿಯ ದುಡ್ಡು ಮುಟ್ಟಿದವರಲ್ಲ, ಎಲ್ಲರ ಬಾಯಲ್ಲೂ ಒಳ್ಳೆಯ ಮನುಷ್ಯ. ಒಳ್ಳೆಯ ಮನುಷ್ಯರ ಜೊತೆ ಜಗಳ ಆಡುವುದು ಎಷ್ಟು ಕಷ್ಟ ಎಂದು ಅವರ ಹೆಂಡತಿಯರನ್ನು ಕೇಳಬೇಕು. ಮಗಳು ನಿಶಿತಾ ಕಾಲೇಜಿನಲ್ಲಿದ್ದಾಳೆ, ಕನ್ನಡ ಪೂರ್ತಿ ಅರ್ಥವಾಗುತ್ತದೆ, ಉತ್ತರ ಇಂಗ್ಲಿಷಿನಲ್ಲಿ. ಉಷಾ ಆಸ್ಪತ್ರೆಯ ಲ್ಯಾಬಿನಲ್ಲಿ ಇಡೀ ದಿನ ನಿಂತು ರಕ್ತ ಪರೀಕ್ಷೆ ಮಾಡುವವಳು. ನಾನು, ಕೋಕಿಲಾ, ಅದೇ ಲ್ಯಾಬಿನಲ್ಲಿ ಅವಳ ಪಕ್ಕದ ಕುರ್ಚಿ. ಕುರ್ಚಿ ಎಂದು ಹೆಸರಿಗೆ ಹೇಳಿದೆ, ತನ್ನ ಕುರ್ಚಿಯ ಮೇಲೆ ಅವಳು ಕುಳಿತದ್ದನ್ನು ನಾನು ನೋಡಿಲ್ಲ.

ಅವಳ ಕಷ್ಟಕ್ಕೆ ಮೂಲ ಕಾರಣ ಭೂಪಟ. ಡಲ್ಲಾಸಿನವರಿಗೂ ಹ್ಯೂಸ್ಟನ್ನಿನವರಿಗೂ ಆಸ್ಟಿನ್ ಹೆಚ್ಚುಕಡಿಮೆ ಒಂದೇ ದೂರ. ಬೆಳಿಗ್ಗೆ ಹೊರಟರೆ ಊಟದ ಹೊತ್ತಿಗೆ ಬಂದು ಬೀಳಬಹುದು. ಅದು ಸಾಲದು ಎಂಬಂತೆ ಅವಳ ಮನೆಯ ಹಿತ್ತಲಿನ ಬೇಲಿಯಾಚೆ ಒಂದು ದೊಡ್ಡ ಪಾರ್ಕು. ಅಮೆರಿಕದ ಸ್ವಾತಂತ್ರ್ಯ ದಿನ, ಜುಲೈ ನಾಲ್ಕರ ರಾತ್ರಿ, ಅಲ್ಲಿ ಪಟಾಕಿ ಹಾರಿಸುತ್ತಾರೆ. ಪಾರ್ಕಿಂಗ್ ಹುಡುಕದೆ, ಸೊಳ್ಳೆ ಬತ್ತಿ ಹಚ್ಚಿಕೊಂಡು, ಕೈಯಲ್ಲಿ ಬೋಂಡಾ ಹಿಡಿದು ಆಕಾಶ ನೋಡಬೇಕೆಂದರೆ ಉಷಾರಾಣಿಯ ಹಿತ್ತಲಿನಂಥ ಜಾಗ ಟೆಕ್ಸಸ್ಸಿನಲ್ಲಿ ಇನ್ನೊಂದಿಲ್ಲ.

ಹಾಗಾಗಿ ನಿಶಿತಾ ತೊಟ್ಟಿಲಲ್ಲಿದ್ದಾಗಿನಿಂದ ಪ್ರತಿ ವರ್ಷ ಅಲ್ಲಿ ಬಳಗ ಸೇರುತ್ತಿತ್ತು. ಹೆಸರಿಗೆ ಪಾಟ್‌ಲಕ್, ಅಂದರೆ ಒಬ್ಬೊಬ್ಬರೂ ಒಂದೊಂದು ಅಡುಗೆ ಮಾಡಿ ತರಬೇಕು. ಬರುವವರು ತರುತ್ತಿದ್ದದ್ದು ಚಿಪ್ಸು, ಪೇಪರ್ ಪ್ಲೇಟು, ಒಂದು ಕಲ್ಲಂಗಡಿ. ಉಷಾ ಮಾಡುತ್ತಿದ್ದದ್ದು ಬಿಸಿಬೇಳೆಬಾತ್, ಎರಡು ಬಗೆ ಕೋಸಂಬರಿ, ಬೋಂಡಾ, ಮೊಸರನ್ನ, ಶಾವಿಗೆ ಪಾಯಸ. ಖಾರ ತಿನ್ನದ ಮಕ್ಕಳಿಗೆ ಬೇರೆ ಪಾಸ್ತಾ. ಸಂಜೆಗೆ ಮತ್ತೆ ಕಾಫಿ, ಚುರುಮುರಿ. ಹೋಗುವಾಗ ಮಿಕ್ಕಿದ್ದನ್ನು ಕಟ್ಟಿಕೊಳ್ಳಲು ಎಲ್ಲರ ಕಾರಿನಲ್ಲೂ ಖಾಲಿ ಡಬ್ಬಿಗಳು. ಕಲ್ಲಂಗಡಿ ಮರೆತರೂ ಡಬ್ಬಿ ಮರೆತವರಿಲ್ಲ. ಅಷ್ಟು ವರ್ಷ ಅವಳ ಬೇಲಿಯ ಮೇಲೆ ಪಟಾಕಿ ಸಿಡಿದಿದೆ, ಅದರಲ್ಲಿ ಒಂದನ್ನೂ ಉಷಾ ನೋಡಿಲ್ಲ. ಆ ಹೊತ್ತಿಗೆ ಅವಳು ಸಿಂಕಿನ ಮುಂದೆ ಇರುತ್ತಿದ್ದಳು. ಸದ್ದು ಮಾತ್ರ ಕೇಳುತ್ತಿತ್ತಂತೆ.

ಒಂದು ವರ್ಷ ಆ ಸದ್ದಿನ ನಡುವೆಯೇ ಅವಳಿಗೆ ತಲೆ ಸುತ್ತಿತು. ಕಾಫಿ ಪಾತ್ರೆ ಕೈಯಲ್ಲಿತ್ತು, ಅದನ್ನು ಕೆಳಗಿಟ್ಟು ಅಡುಗೆಮನೆಯ ನೆಲದ ಮೇಲೆ ಕುಳಿತಳು, ಆಮೇಲೆ ಮಲಗಿದಳು. ಹೊರಗೆ ಎಲ್ಲರೂ ಆಕಾಶ ನೋಡುತ್ತಿದ್ದರು. ಸ್ವಲ್ಪ ಹೊತ್ತಿನ ಮೇಲೆ ಯಾರೋ ಬಾಗಿಲು ಸರಿಸಿ, ಒಳಗೆ ನೋಡದೆಯೇ, "ಉಷಾ, ಇನ್ನೊಂದ್ ಸ್ವಲ್ಪ ಕಾಫಿ ಇದ್ಯಾ?" ಎಂದರು. ಅವಳು ನೆಲದ ಮೇಲಿಂದಲೇ "ತಂದೆ" ಎಂದಳು. ತಂದಳು ಕೂಡ. ಇದನ್ನು ನನಗೆ ಹೇಳುವಾಗ ಅವಳು ನಗುತ್ತಿದ್ದಳು. ನನಗೆ ನಗು ಬರಲಿಲ್ಲ.

ಡಾಕ್ಟರು ರಕ್ತದೊತ್ತಡಕ್ಕೆ ಮಾತ್ರೆ ಬರೆದರು. ಕೊನೆಯ ಸಲ ಒಂದು ದಿನ ಪೂರ್ತಿ ವಿಶ್ರಾಂತಿ ತೆಗೆದುಕೊಂಡದ್ದು ಯಾವಾಗ ಎಂದು ಕೇಳಿದರಂತೆ. ಇವಳು ಯೋಚಿಸಿ, ಹೆರಿಗೆಯಾದಾಗ ಎಂದಳಂತೆ. ಆ ಮಗಳಿಗೆ ಈಗ ಡ್ರೈವಿಂಗ್ ಲೈಸೆನ್ಸ್ ಇದೆ.

ಮುಂದಿನ ವರ್ಷ ಮೇ ತಿಂಗಳಲ್ಲಿ, ನಾವಿಬ್ಬರೂ ಕೆರೆಯ ಸುತ್ತ ವಾಕಿಂಗ್ ಮಾಡುತ್ತಿದ್ದಾಗ, ಅವಳು ಇದ್ದಕ್ಕಿದ್ದಂತೆ ಹೇಳಿದಳು. "ಕೋಕಿಲಾ, ಈ ಸಲ ನಾಲ್ಕನೇ ತಾರೀಖು ಮಂಗಳವಾರ ಬಿದ್ದಿದೆ. ನಾನು ಎಣ್ಣೆ ನೀರು ಹಾಕ್ಕೊಂಡು ಮಲಗ್ತೀನಿ."

ಇದನ್ನು ಕೇಳಿ ನಾನು ನಿಂತುಬಿಟ್ಟೆ. ಅವಳ ಅಮ್ಮನ ಕತೆ ನನಗೆ ಗೊತ್ತಿತ್ತು. ಒಂಟಿಕೊಪ್ಪಲಿನ ಆ ತುಂಬಿದ ಮನೆಯಲ್ಲಿ ಅವಳಮ್ಮನಿಗೆ ಭಾನುವಾರ, ಹಬ್ಬ, ಜ್ವರ ಯಾವುದಕ್ಕೂ ರಜೆ ಇರಲಿಲ್ಲ. ಆದರೆ ಮಂಗಳವಾರ ಹೆಂಗಸರು ತಲೆಗೆ ಎಣ್ಣೆ ಹಚ್ಚಿಕೊಳ್ಳುವ ದಿನ. ಎಣ್ಣೆ ಹಚ್ಚಿಕೊಂಡವಳನ್ನು ಕೆಲಸಕ್ಕೆ ಕರೆಯುವಂತಿಲ್ಲ, ಬಿಸಿಲಿಗೆ ಕಳಿಸುವಂತಿಲ್ಲ, ಒಲೆಯ ಮುಂದೆ ನಿಲ್ಲಿಸುವಂತಿಲ್ಲ. ನೀರು ಹಾಕಿಕೊಂಡು ಬಂದ ಮೇಲೆ ಬಿಸಿ ಅನ್ನ, ಮೆಣಸಿನ ಸಾರು, ತುಪ್ಪ. ಅಷ್ಟು ದರ್ಪದ ಅಜ್ಜ ಕೂಡ ಆ ದಿನ ಕಾಫಿಗೆ ಕಾಯುತ್ತಿದ್ದರಂತೆ. ಊರಿನಿಂದ ಇಲ್ಲಿಗೆ ನಾವು ವ್ರತ ತಂದೆವು, ಮಡಿ ತಂದೆವು, ಉಪ್ಪಿನಕಾಯಿ ಜಾಡಿ ತಂದೆವು. ಹೆಂಗಸಿಗೆ ಪುರುಸೊತ್ತು ಕೊಡುವ ಇದೊಂದನ್ನು ಮಾತ್ರ ಸಲೀಸಾಗಿ ಅಲ್ಲೇ ಬಿಟ್ಟು ಬಂದೆವು.

"ಹಾಗಿದ್ರೆ ಗ್ಯಾಲ್ವೆಸ್ಟನ್ನಿಗೆ ಹೋಗ್ಬಿಡು. ಸಮುದ್ರದ ಪಕ್ಕ ಹೋಟೆಲ್ ರೂಮ್ ಮಾಡು, ಎರಡು ದಿನ ಫೋನ್ ಆಫ್ ಮಾಡು" ಎಂದೆ ನಾನು.

ಅವಳು ನನ್ನನ್ನು ನೋಡಿದ ರೀತಿ ಇನ್ನೂ ನೆನಪಿದೆ. "ನನ್ನ ಮನೇಲಿ ನಾನು ಮಲಗೋಕೆ ಹೋಟೆಲಿಗೆ ಯಾಕೆ ಹೋಗ್ಲಿ? ಓಡಿಹೋದ್ರೆ ಅದು ರಜ ಅಲ್ಲ ಕೋಕಿಲಾ, ತಪ್ಪಿಸ್ಕೊಳ್ಳೋದು. ಎಲ್ಲರೂ ಬರ್ಲಿ. ಎಲ್ಲರ ಎದುರಿಗೇ ಮಲಗ್ತೀನಿ."

ಜೂನ್ ತಿಂಗಳಲ್ಲಿ ಬಳಗದ ವಾಟ್ಸಾಪ್ ಗುಂಪಿಗೆ ಅವಳು ಹೀಗೆ ಬರೆದಳು: "ಎಲ್ಲರಿಗೂ ನಮಸ್ಕಾರ. ಈ ವರ್ಷ ಜುಲೈ ನಾಲ್ಕಕ್ಕೆ ನಾನು ಅಡುಗೆ ಮಾಡುವುದಿಲ್ಲ. ಎಣ್ಣೆ ನೀರು ಹಾಕಿಕೊಂಡು ಮಲಗುತ್ತೇನೆ. ಮನೆಯ ಬಾಗಿಲು ತೆರೆದಿರುತ್ತದೆ, ಬರುವವರು ಬನ್ನಿ. ಊಟ ನಿಮ್ಮದು."

ಇದಕ್ಕಿಂತ ಸ್ಪಷ್ಟವಾಗಿ ಯಾವ ಭಾಷೆಯಲ್ಲೂ ಬರೆಯಲು ಸಾಧ್ಯವಿಲ್ಲ. ಆದರೆ ಓದುವವರು ನಮ್ಮ ಜನ. ನಮ್ಮಲ್ಲಿ ಬಡಿಸುವಾಗ ಬೇಡ ಎಂದರೆ ಇನ್ನೊಂದು ಸೌಟು ಹಾಕಬೇಕು ಎಂದರ್ಥ. ಏನೂ ಮಾಡಿಲ್ಲ, ಸಿಂಪಲ್ಲಾಗಿ ಮಾಡಿದ್ದೀನಿ ಎಂದರೆ ಎಲೆಯ ತುಂಬ ಬಗೆಬಗೆ ಇದೆ ಎಂದರ್ಥ. ಹುಟ್ಟಿದಾಗಿನಿಂದ ಹೀಗೆ ಕೇಳಿಸಿಕೊಂಡು ಬೆಳೆದವರಿಗೆ, ಮಾಡುವುದಿಲ್ಲ ಎಂದರೆ ಮಾಡುವುದಿಲ್ಲ ಎಂದು ಹೇಗೆ ತಿಳಿಯಬೇಕು? ಎಲ್ಲರೂ ಅದನ್ನು ಉಪಚಾರದ ಮಾತು ಎಂದುಕೊಂಡರು. ಡಲ್ಲಾಸ್ ಕಡೆಯ ಮರ್ಫಿಯಲ್ಲಿರುವ ಪ್ರಹ್ಲಾದ್, "ವೈನಿ, ಜೋಕ್ ಭಾಳ ಚಲೋ ಅದ. ನಾವು ಹನ್ನೊಂದಕ್ಕ ಬರ್ತೀವಿ" ಎಂದು ಬರೆದ. ಅವನು ಅತ್ತಿಗೆಗೆ ವೈನಿ ಎನ್ನುವ ಧಾರವಾಡದವನು, ಲಕ್ಷ್ಮೀನಾರಾಯಣರ ಹಳೆಯ ಸಹೋದ್ಯೋಗಿ. ಹ್ಯೂಸ್ಟನ್ನಿನಿಂದ ಲಕ್ಷ್ಮೀನಾರಾಯಣರ ಅಕ್ಕ ಕೃಷ್ಣವೇಣಿ ಎರಡು ಕೈ ಮುಗಿಯುವ ಚಿತ್ರ ಹಾಕಿ, "ಜಾಸ್ತಿ ಏನೂ ಮಾಡಬೇಡ ಉಷಾ, ಬಿಸಿಬೇಳೆಬಾತ್ ಒಂದಿದ್ದರೆ ಸಾಕು" ಎಂದರು. ಉಳಿದವರು ಹಲ್ಲು ಕಿರಿಯುವ ಹಳದಿ ಮುಖಗಳನ್ನು ಕಳಿಸಿದರು.

ಲಕ್ಷ್ಮೀನಾರಾಯಣರಂತೂ ಶನಿವಾರವೇ ಹೋಗಿ ದೊಡ್ಡ ಚೀಲ ಅಕ್ಕಿ, ಬುಟ್ಟಿಗಟ್ಟಲೆ ಬೀನ್ಸು, ಕ್ಯಾರೆಟ್ಟು ತಂದು ಗ್ಯಾರೇಜಿನ ಫ್ರಿಜ್ಜಿಗೆ ತುಂಬಿದರು. "ಅವಳು ಹಾಗೇ ಅಂತಾಳೆ, ಆಮೇಲೆ ಮಾಡ್ತಾಳೆ" ಎಂದು ನನ್ನೆದುರಿಗೇ ಹೇಳಿದರು. ಉಷಾ ಕೇಳಿಸಿಕೊಂಡಳು. ಅವಳಿಗೆ ಆ ವಾರ ಬೇರೆ ಕೆಲಸ ಇತ್ತು. ಒಬ್ಬಳಿಗೆ ಆಗುವಷ್ಟು ಸಾರು ಮಾಡುವುದನ್ನು ಕಲಿಯುತ್ತಿದ್ದಳು.

ನಗಬೇಡಿ. ಆ ಕೈ ಎಂದೂ ಒಬ್ಬರಿಗೆ ಅಳೆದದ್ದಲ್ಲ. ಮೊದಲ ದಿನ ಮಾಡಿದ್ದು ನಾಲ್ಕು ಜನಕ್ಕಾಯಿತು. ಮರುದಿನ ಇಬ್ಬರಿಗೆ. ಮನೆಯಲ್ಲಿದ್ದ ಅತಿ ಚಿಕ್ಕ ಪಾತ್ರೆ, ನಿಶಿತಾಗೆ ಹಾಲು ಕಾಯಿಸುತ್ತಿದ್ದದ್ದು, ಅದನ್ನು ಮೇಲಿನ ಕಪಾಟಿನಿಂದ ಇಳಿಸಿದ ಮೇಲೆ ಹದ ಸಿಕ್ಕಿತು. "ಒಂದು ಟೊಮೇಟೊದಲ್ಲಿ ಅರ್ಧ ಸಾಕಾಗತ್ತೆ ಕಣೇ" ಎಂದು ಅವಳು ಲ್ಯಾಬಿನಲ್ಲಿ ನನಗೆ ಹೇಳಿದಾಗ ಅವಳ ಮುಖದಲ್ಲಿ ಪರೀಕ್ಷೆ ಪಾಸಾದ ಹುಡುಗಿಯ ಖುಷಿ ಇತ್ತು.

ನಾಲ್ಕನೇ ತಾರೀಖು ಬೆಳಿಗ್ಗೆ ನಾನು ಜಾರ್ಜ್‌ಟೌನಿನ ನನ್ನ ಮನೆಯಿಂದ ಹೊರಟಾಗಲೇ ಕಾರಿನ ಸ್ಟೀರಿಂಗ್ ಸುಡುತ್ತಿತ್ತು. ಹರಳೆಣ್ಣೆ, ಕೊಬ್ಬರಿ ಎಣ್ಣೆ, ಇಂಡಿಯನ್ ಅಂಗಡಿಯ ಸೀಗೆಪುಡಿ ನನ್ನ ಕೈಚೀಲದಲ್ಲಿದ್ದವು. ಅಡುಗೆಗೆ ಸಹಾಯ ಮಾಡಲೇ ಎಂದು ಮೊದಲೇ ಕೇಳಿದ್ದೆ. "ಬೇಡ. ನಾನು ಬಿಟ್ಟು ನೀನು ಮಾಡಿದ್ರೆ ಏನು ಬದಲಾದ ಹಾಗಾಯ್ತು? ನೀನು ಬರೀ ಎಣ್ಣೆ ಹಚ್ಚು" ಎಂದಿದ್ದಳು. ಅವಳ ಸಾರು, ಅನ್ನ ಆಗಲೇ ಫ್ಲಾಸ್ಕಿನಲ್ಲಿ ಬೆಚ್ಚಗೆ ಕುಳಿತಿದ್ದವು.

ಬಚ್ಚಲಿನಲ್ಲಿ ಹಚ್ಚೋಣವೇ ಎಂದರೆ ಒಪ್ಪಲಿಲ್ಲ. ಹಾಲಿನಲ್ಲಿ, ಮುಂಬಾಗಿಲು ತೆರೆದ ಕೂಡಲೇ ಕಾಣುವ ಜಾಗದಲ್ಲಿ, ಹಳೆಯ ಬೆಡ್‌ಶೀಟ್ ಹಾಸಿ ಅದರ ಮೇಲೆ ಮಣೆ ಇಟ್ಟಳು. ಮಾಸಿದ ನೈಟಿ ಹಾಕಿಕೊಂಡು, ಜಡೆ ಬಿಚ್ಚಿ, ಕಾಲು ಚಾಚಿ ಕುಳಿತಳು. ನಾನು ಎಣ್ಣೆ ಬೆಚ್ಚಗೆ ಮಾಡಿ ನೆತ್ತಿಗೆ ಸುರಿದು ತಟ್ಟಿದೆ. ಕುತ್ತಿಗೆ, ಬೆನ್ನು, ತೋಳು ತಿಕ್ಕಿದೆ. ಅವಳ ಹೆಗಲು ಮುಟ್ಟಿದರೆ ಹಲಗೆ ಮುಟ್ಟಿದ ಹಾಗಿತ್ತು. ಎಷ್ಟು ಕುಕ್ಕರುಗಳನ್ನು ಎತ್ತಿ ಇಳಿಸಿದ ಹೆಗಲದು! ನನಗೆ ಅಳು ಬರುವಷ್ಟು ಸಿಟ್ಟು ಬಂತು. ಇನ್ನಷ್ಟು ಎಣ್ಣೆ ಸುರಿದೆ.

ಹನ್ನೊಂದಾಗುತ್ತಲೇ ಕಾರುಗಳು ಬಂದವು. ಮೊದಲು ಒಳಗೆ ಬಂದವನು ಪ್ರಹ್ಲಾದ್, ಕಂಕುಳಲ್ಲಿ ಕಲ್ಲಂಗಡಿ. ಹಿಂದೆ ಅವನ ಹೆಂಡತಿ ಸುಚೇತಾ, ಇನ್ನೂ ಒಂದೆರಡು ಸಂಸಾರ. ಕೊನೆಯಲ್ಲಿ ಕೃಷ್ಣವೇಣಿ, ರೇಷ್ಮೆ ಸೀರೆಯಲ್ಲಿ, ಕೈಯಲ್ಲಿ ಒಂದರೊಳಗೊಂದು ಸೇರಿಸಿದ ಖಾಲಿ ಡಬ್ಬಿಗಳು. ಎಲ್ಲರೂ ಬಾಗಿಲಲ್ಲೇ ಗುಂಪುಗೂಡಿ ನಿಂತರು. ಎದುರಿಗೆ ಮಣೆಯ ಮೇಲೆ ಕಿವಿಯಿಂದ ಎಣ್ಣೆ ಸೋರುತ್ತಿರುವ ಉಷಾ. ಅಡುಗೆಮನೆಯಿಂದ ಯಾವ ವಾಸನೆಯೂ ಬರುತ್ತಿರಲಿಲ್ಲ.

"ಏನ್ರೀ ವೈನಿ ಇದು, ಹಿಂಗ್ಯಾಕ ಕುಂತೀರಿ?" ಎಂದ ಪ್ರಹ್ಲಾದ್.

"ಬರೆದಿದ್ನಲ್ಲಾ. ಎಣ್ಣೆ ಹಚ್ಚಿಸ್ಕೊಳ್ತಾ ಇದ್ದೀನಿ. ಬನ್ನಿ, ಕೂತ್ಕೊಳ್ಳಿ."

ಕೃಷ್ಣವೇಣಿಯವರ ಮುಖ ನೋಡಬೇಕಿತ್ತು. ವಾರ, ತಿಥಿ, ಮಡಿ, ಮೈಲಿಗೆ ಎಲ್ಲದರಲ್ಲೂ ಟೆಕ್ಸಸ್ಸಿಗೆಲ್ಲ ಅವರದೇ ಕೊನೆಯ ಮಾತು. ಬಾಯಿ ತೆರೆದರು, ಬೆರಳು ಮಡಿಸಿ ವಾರ ನೋಡಿಕೊಂಡರು, ಬಾಯಿ ಮುಚ್ಚಿದರು. ಮಂಗಳವಾರ. ಹೆಂಗಸು ಎಣ್ಣೆ ಹಚ್ಚಿಕೊಳ್ಳಬಾರದು ಎನ್ನಲು ದಾರಿಯಿಲ್ಲ. ಎಣ್ಣೆ ಮೈಯವಳನ್ನು ಒಲೆಯ ಮುಂದೆ ಹೋಗು ಎನ್ನಲೂ ದಾರಿಯಿಲ್ಲ. ಅವರದೇ ಶಾಸ್ತ್ರ ಅವರ ಕಾಲಿಗೆ ತೊಡರಿಕೊಂಡಿತ್ತು.

"ಸರಿ, ಸರಿ. ಬೇಗ ನೀರು ಹಾಕ್ಕೊಂಡು ಬಾ. ಆಮೇಲೆ ಮಾಡೋಣವಂತೆ" ಎಂದರು.

"ಆಮೇಲೆ ಊಟ ಮಾಡಿ ಮಲಗ್ತೀನಿ ಅಕ್ಕ."

ಲಕ್ಷ್ಮೀನಾರಾಯಣ ನಕ್ಕರು. ಬೇರೆ ಯಾರೂ ನಗಲಿಲ್ಲ, ಆಮೇಲೆ ಅವರೂ ನಿಲ್ಲಿಸಿದರು. ಅಡುಗೆಮನೆಗೆ ಹೋಗಿ ಬಂದರು. ಮತ್ತೆ ಹೋಗಿ ಕಪಾಟುಗಳನ್ನು ತೆರೆದು ಮುಚ್ಚುವ ಸದ್ದಾಯಿತು. "ಉಷಾ, ತೊಗರಿಬೇಳೆ ಎಲ್ಲಿದೆ?"

"ಹುಡುಕಿ."

"ಎಲ್ಲಿದೆ ಅಂತ ಹೇಳಿದ್ರೆ ನಾವೇ ತಗೋತೀವಿ. ಬರೀ ಹೇಳು, ಸಾಕು."

"ಬರೀ ಹೇಳೋದು ಅಂತ ಏನಿಲ್ಲ ರೀ. ಬೇಳೆ ಎಲ್ಲಿದೆ, ಇಂಗು ಎಲ್ಲಿದೆ, ಯಾರಿಗೆ ಖಾರ ಆಗಲ್ಲ, ಯಾರಿಗೆ ಈರುಳ್ಳಿ ಆಗಲ್ಲ, ಇದೆಲ್ಲ ತಲೇಲಿ ಇಟ್ಕೊಂಡಿರೋದೂ ಕೆಲಸವೇ. ಈವತ್ತು ತಲೇಲಿ ಬರೀ ಎಣ್ಣೆ ಇದೆ."

ಆ ಮನೆಯಲ್ಲಿ ಅವರು ಇಷ್ಟು ವರ್ಷ ಬದುಕಿದ್ದಾರೆ. ಗ್ಯಾರೇಜಿನ ಒಂದೊಂದು ಸ್ಕ್ರೂಗೂ ಹೆಸರು ಬರೆದು ಡಬ್ಬಿಯಲ್ಲಿ ಇಟ್ಟಿದ್ದಾರೆ. ಬೇಳೆ ಎಲ್ಲಿದೆ ಎಂದು ಗೊತ್ತಿಲ್ಲ! ನನ್ನ ನಾಲಿಗೆ ತುದಿಯವರೆಗೂ ಮಾತು ಬಂತು. ಉಷಾ ನನ್ನ ಮೊಣಕಾಲು ಅದುಮಿದಳು.

ಅವರು ಹತ್ತಿರ ಬಂದು ಬಗ್ಗಿ, ಮೆಲ್ಲಗೆ ಹೇಳಿದರು. ನಾನು ಪಕ್ಕದಲ್ಲೇ ಇದ್ದೆ, ಕೇಳಿಸಿತು. "ಇಷ್ಟು ದೂರ ಡ್ರೈವ್ ಮಾಡ್ಕೊಂಡು ಬಂದಿದ್ದಾರೆ. ನನ್ನ ಮರ್ಯಾದೆ ಬಿಡು, ಅಕ್ಕನ ಮುಖ ನೋಡು. ಸಕ್ಕರೆ ಕಾಯಿಲೆಯವಳು, ಹೊತ್ತಿಗೆ ಸರಿಯಾಗಿ ತಿನ್ನದಿದ್ರೆ ಕೈ ನಡುಗತ್ತೆ ಅವಳಿಗೆ."

ಇದು ಸುಳ್ಳಲ್ಲ. ಕೃಷ್ಣವೇಣಿ ಸೋಫಾದ ಅಂಚಿನಲ್ಲಿ ಕುಳಿತು ಹಣೆ ಒರೆಸಿಕೊಳ್ಳುತ್ತಿದ್ದರು. ಉಷಾಳ ಕೈ ಮಣೆಯ ಅಂಚನ್ನು ಹಿಡಿಯಿತು. ಅರ್ಧ ಎದ್ದಳು. ಎದ್ದರೆ ಮುಗಿಯಿತು. ಅವಲಕ್ಕಿ ಒಂದು ಮಾಡುತ್ತೇನೆ ಎಂದು ಹೋದವಳು ಬಿಸಿಬೇಳೆಬಾತ್ ಮಾಡಿ, ಬೋಂಡಾ ಕರಿದು, ರಾತ್ರಿ ಸಿಂಕಿನ ಮುಂದೆ ನಿಂತು ಪಟಾಕಿಯ ಸದ್ದು ಕೇಳುತ್ತಾಳೆ. ಮುಂದಿನ ವರ್ಷವೂ ಹಾಗೆಯೇ, ಅದರ ಮುಂದಿನ ವರ್ಷವೂ ಹಾಗೆಯೇ, ಯಾವುದೋ ಒಂದು ವರ್ಷ ನೆಲದ ಮೇಲೆ ಮಲಗಿದವಳು ಏಳುವುದಿಲ್ಲ. ಬಾಗಿಲು ಸರಿಸಿ ಕಾಫಿ ಕೇಳುತ್ತಾರೆ.

ಉಷಾ ಮತ್ತೆ ಕುಳಿತಳು. ಈ ಸಲ ಮೆಲ್ಲಗೆ ಮಾತಾಡಲಿಲ್ಲ, ಎಲ್ಲರಿಗೂ ಕೇಳುವಂತೆ ಹೇಳಿದಳು. "ಅಕ್ಕ ನಿಮ್ಮ ಅಕ್ಕ ರೀ. ಅವಲಕ್ಕಿ ನೆನೆಯೋಕೆ ಐದು ನಿಮಿಷ. ಹಣ್ಣು ಹೆಚ್ಚೋಕೆ ಅಷ್ಟೂ ಬೇಡ. ಇಲ್ಲಿ ಇಷ್ಟು ಜನ ಇದ್ದೀರಿ, ಎಲ್ಲರಿಗೂ ಎರಡೆರಡು ಕೈ ಇದೆ. ಅಕ್ಕನ ಕೈ ನಡುಗಿದ್ರೆ ಅದು ನಾನು ಎಣ್ಣೆ ಹಚ್ಚಿಕೊಂಡಿದ್ದರಿಂದ ಅಲ್ಲ."

ನಿಶಿತಾ ಮೆಟ್ಟಿಲ ಮೇಲೆ ಕುಳಿತು ಎಲ್ಲವನ್ನೂ ನೋಡುತ್ತಿದ್ದಳು. ಎದ್ದು ಬಂದು ಅತ್ತೆಯ ಕೈಗೆ ಒಂದು ಬಾಳೆಹಣ್ಣು ಕೊಟ್ಟಳು. "ಅಪ್ಪಾ, ಕಮ್ ಆನ್. ವಿ ವಿಲ್ ಫಿಗರ್ ಇಟ್ ಔಟ್" ಎಂದು ಅಪ್ಪನ ತೋಳು ಹಿಡಿದು ಅಡುಗೆಮನೆಗೆ ಎಳೆದುಕೊಂಡು ಹೋದಳು.

ಪ್ರಹ್ಲಾದ್ ಕಲ್ಲಂಗಡಿ ಕೆಳಗಿಟ್ಟು ತಲೆ ಕೆರೆದುಕೊಂಡ. "ಒಗ್ಗರಣಿ ಅವಲಕ್ಕಿ ನಂಗ ಬರ್ತದ. ಹಾಸ್ಟೆಲ್‌ನಾಗ ಇಡೀ ಫ್ಲೋರಿಗೆ ನಾನ ಮಾಡ್ತಿದ್ದೆ" ಎಂದ.

ಸುಚೇತಾ ಗಂಡನ ಕಡೆ ತಿರುಗಿದಳು. ಮದುವೆಯಾಗಿ ಇಷ್ಟು ವರ್ಷವಾದರೂ ಈ ವಿಷಯ ಅವಳಿಗೂ ಗೊತ್ತಿರಲಿಲ್ಲವೆಂದು ಅವಳ ಕಣ್ಣೇ ಹೇಳುತ್ತಿತ್ತು. ಮರ್ಫಿಗೆ ವಾಪಸು ಹೋಗುವ ದಾರಿಯುದ್ದಕ್ಕೂ ಆ ಕಾರಿನಲ್ಲಿ ಏನು ಮಾತಾಯಿತೋ ನನಗೆ ತಿಳಿಯದು. ಊಹಿಸಿಕೊಂಡು ಈಗಲೂ ಸಂತೋಷಪಡುತ್ತೇನೆ.

ನಾನು ಉಷಾಗೆ ಬಿಸಿನೀರು ಹಾಕಿ, ಸೀಗೆಪುಡಿ ಉಜ್ಜಿ, ತಲೆ ಒರೆಸಿ ಕರೆದುಕೊಂಡು ಬರುವ ಹೊತ್ತಿಗೆ ಮನೆ ತುಂಬ ಸುಟ್ಟ ಮೆಣಸಿನಕಾಯಿಯ ಘಾಟು. ಗಂಡಸರೆಲ್ಲ ಕೆಮ್ಮುತ್ತಿದ್ದರು. ಹೊಗೆಗೆ ಅಲಾರಂ ಬಡಿದುಕೊಂಡಿತು. ಲಕ್ಷ್ಮೀನಾರಾಯಣ ಕುರ್ಚಿಯ ಮೇಲೆ ಹತ್ತಿ ಅದಕ್ಕೆ ಟವೆಲ್ ಬೀಸುತ್ತಿದ್ದರು. ಉಷಾ ಅವರ ಪಕ್ಕದಲ್ಲೇ ಹಾದು ಬಂದು, ತಟ್ಟೆಯ ಮುಂದೆ ಕುಳಿತು, ಫ್ಲಾಸ್ಕ್ ತೆರೆದಳು. ಅನ್ನ, ಮೆಣಸಿನ ಸಾರು, ತುಪ್ಪ. ಒಬ್ಬಳಿಗೆ ಸರಿಯಾಗಿ. ಒಂದು ಮಗು ಬಂದು ನೋಡುತ್ತಾ ನಿಂತಿತು, ಅದಕ್ಕೆ ಒಂದು ತುತ್ತು ಕೊಟ್ಟಳು, ಅಷ್ಟೇ. ಸಾರಿನ ಕೊನೆಯ ತೊಟ್ಟನ್ನು ತಟ್ಟೆಯಿಂದಲೇ ಕುಡಿದಳು.

ಆಮೇಲೆ ಹಾಲಿನ ನಡುವೆಯೇ ಚಾಪೆ ಹಾಸಿದಳು. ರೂಮಿಗೆ ಹೋಗಿ ಮಲಗಬಾರದೇ ಎಂದು ಯಾರೋ ಕೇಳಿದರು. ಇಲ್ಲಿ ಫ್ಯಾನ್ ಚೆನ್ನಾಗಿದೆ ಎಂದಳು. ಅವಲಕ್ಕಿ ತಿಂದು ಜೀವ ಬಂದಿದ್ದ ಕೃಷ್ಣವೇಣಿಗೆ ಕೊನೆಗೂ ಒಂದು ಶಾಸ್ತ್ರ ನೆನಪಾಯಿತು.

"ಎಣ್ಣೆ ನೀರು ಹಾಕ್ಕೊಂಡು ಹಗಲು ಹೊತ್ತು ಮಲಗಬಾರದು ಕಣೇ. ಶೀತ ಆಗತ್ತೆ."

"ಬಾಣಂತೀನ ಮಲಗಿಸ್ತಾರಲ್ಲ ಅಕ್ಕ?"

"ಅದು ಬಾಣಂತಿ. ನೀನೇನು ಹೆತ್ತಿದ್ದೀಯಾ ಈಗ?"

"ಇಷ್ಟು ವರ್ಷ ನಿಮ್ಮನ್ನೆಲ್ಲ ಹೆತ್ತಿದ್ದೀನಿ ಅಂದ್ಕೊಳ್ಳಿ" ಎಂದು ಉಷಾ ಗೋಡೆಯ ಕಡೆ ತಿರುಗಿ ಹೊದಿಕೆ ಎಳೆದುಕೊಂಡಳು. ಸ್ವಲ್ಪ ಹೊತ್ತಿಗೆ ಗೊರಕೆ ಕೇಳಿಸಿತು.

ಆ ಮಧ್ಯಾಹ್ನ ಆ ಮನೆ ನೋಡಲು ವಿಚಿತ್ರವಾಗಿತ್ತು. ಎಲ್ಲರೂ ಅವಳನ್ನು ಸುತ್ತುಹಾಕಿಕೊಂಡು ತುದಿಗಾಲಲ್ಲಿ ಓಡಾಡಿದರು. ಟೀವಿಯ ಸದ್ದು ಯಾರೋ ಕಡಿಮೆ ಮಾಡಿದರು. ಮಾಡುವುದಕ್ಕೆ ಏನೂ ಇಲ್ಲದೆ, ಬಡಿಸಿಕೊಳ್ಳುವುದಕ್ಕೂ ಏನೂ ಇಲ್ಲದೆ, ಒಬ್ಬೊಬ್ಬರಾಗಿ ಸೋಫಾಕ್ಕೆ, ಕಾರ್ಪೆಟ್ಟಿಗೆ ಒರಗಿದರು. ಕೊನೆಗೆ ಪ್ರಹ್ಲಾದನೂ ಬಾಯಿ ತೆರೆದುಕೊಂಡು ನಿದ್ದೆ ಹೋದ. ಹೊರಗೆ ಬಿಸಿಲು ಬೆಂಕಿಯಂತೆ ಸುರಿಯುತ್ತಿತ್ತು. ಅಷ್ಟೂ ವರ್ಷಗಳಲ್ಲಿ ಆ ಮನೆಯಲ್ಲಿ ಜುಲೈ ನಾಲ್ಕಕ್ಕೆ ನಿಜವಾಗಿ ರಜೆ ಆದದ್ದು ಅಂದೇ. ಕೃಷ್ಣವೇಣಿ ಒಬ್ಬರೇ ನೆಟ್ಟಗೆ ಕುಳಿತು ಖಾಲಿ ಡಬ್ಬಿಗಳನ್ನು ಕಾಯುತ್ತಿದ್ದರು.

ಕತ್ತಲಾಗುವಾಗ ಉಷಾ ಹಿತ್ತಲಿಗೆ ಬಂದು ಮುಂದಿನ ಸಾಲಿನ ಕುರ್ಚಿಯಲ್ಲಿ ಕುಳಿತಳು. ಲಕ್ಷ್ಮೀನಾರಾಯಣ ಕಾಫಿ ತಂದು ಕೈಗೆ ಕೊಟ್ಟರು, ಮುಖ ನೋಡಲಿಲ್ಲ. ಕಾಫಿ ನೀರಾಗಿತ್ತು. ಅವಳು ಹೇಗಿದೆ ಎಂದು ಹೇಳದೆ ಪೂರ್ತಿ ಕುಡಿದಳು. ಮೊದಲ ಪಟಾಕಿ ಮೇಲೆ ಹೋಗಿ ಹರಡಿದಾಗ ಅವಳ ಬಾಯಿಂದ ಸಣ್ಣ ಕೂಗು ಹೊರಬಂತು. "ಇಷ್ಟು ಹತ್ತಿರ ಇರತ್ತಾ ಇದು!" ಎಂದಳು. ಹಿಂದಿನಿಂದ ಯಾರೋ, ಅಭ್ಯಾಸ ಬಲದಿಂದ, "ಉಷಾ, ಸ್ವಲ್ಪ ಸಕ್ಕರೆ..." ಎಂದರು. ಅವಳು ತಿರುಗಲಿಲ್ಲ. ನಾನು ತಿರುಗಿ ನೋಡಿದ ನೋಟಕ್ಕೆ ಆ ಮನುಷ್ಯ ಸಕ್ಕರೆ ಇಲ್ಲದೆಯೇ ಕುಡಿದ.

ಖಾಲಿ ಬಂದ ಡಬ್ಬಿಗಳು ಖಾಲಿಯೇ ಹೋದವು. ಆಮೇಲೆ ಆಡಿಕೊಳ್ಳದೆ ಬಿಡುತ್ತಾರೆಯೇ? ಹ್ಯೂಸ್ಟನ್ನಿನಲ್ಲಿ ಉಷಾರಾಣಿಗೆ ತಲೆ ಕೆಟ್ಟಿದೆ ಎಂದರು. ಡಲ್ಲಾಸಿನಲ್ಲಿ ಗಂಡ ಹೆಂಡತಿಗೆ ಸರಿ ಇಲ್ಲವಂತೆ ಎಂದರು. ವಯಸ್ಸಿನ ತೊಂದರೆ ಎಂದು ಮೂಗು ಮುರಿದವರು ಹೆಂಗಸರೇ. ಲಕ್ಷ್ಮೀನಾರಾಯಣ ಬಹಳ ದಿನ ಮುಖ ಊದಿಸಿಕೊಂಡಿದ್ದರು. ಉಷಾ ಸಮಜಾಯಿಷಿ ಹೇಳಲಿಲ್ಲ, ಕ್ಷಮೆ ಕೇಳಲಿಲ್ಲ, ಗುಂಪಿನಿಂದ ಹೊರಗೂ ಹೋಗಲಿಲ್ಲ. ಗ್ಯಾರೇಜಿನ ಫ್ರಿಜ್ಜಿನಲ್ಲಿದ್ದ ಬೀನ್ಸ್ ಕೊಳೆಯಲು ಶುರುವಾದಾಗ, ತಂದವರೇ ಎಸೆಯಲಿ ಎಂದು ಬಿಟ್ಟಳು. ಅವರೇ ಎಸೆದರು.

ಮರುವರ್ಷ ಜೂನ್ ಕೊನೆಯಲ್ಲಿ ಒಂದು ಸಂಜೆ ನಾನು ಅವಳ ಮನೆಯಲ್ಲಿದ್ದೆ. ಕೃಷ್ಣವೇಣಿಯವರ ಫೋನ್ ಬಂತು. ಉಷಾ ಸ್ಪೀಕರಿಗೆ ಹಾಕಿ ಬಟ್ಟೆ ಮಡಿಸುತ್ತಿದ್ದಳು. ಲಕ್ಷ್ಮೀನಾರಾಯಣ ಆಚೆಯ ಕುರ್ಚಿಯಲ್ಲಿ ಕುಳಿತು ಕಿವಿ ಇತ್ತ ಕೊಟ್ಟಿದ್ದರು.

"ಉಷಾ, ಕ್ಯಾಲೆಂಡರ್ ನೋಡಿದ್ಯೇನೇ? ಈ ಸಲ ನಾಲ್ಕನೇ ತಾರೀಖು ಗುರ್‌ವಾರ ಬಿದ್ದಿದೆ." ಕೃಷ್ಣವೇಣಿಯವರ ದನಿಯಲ್ಲಿ ಗೆದ್ದವರ ಗತ್ತು. "ಗುರ್‌ವಾರ ತಲೆಗೆ ಎಣ್ಣೆ ಮುಟ್ಟಿಸಬಾರದು. ಗಂಡಸರಿಗೂ ಇಲ್ಲ, ಹೆಂಗಸರಿಗೂ ಇಲ್ಲ. ಗೊತ್ತಲ್ಲ?"

"ಗೊತ್ತು ಅಕ್ಕ. ಎಣ್ಣೆ ಹಚ್ಚಲ್ಲ."

ಆ ಕಡೆಯಿಂದ ನೆಮ್ಮದಿಯ ನಿಟ್ಟುಸಿರು ಕೇಳಿಸಿತು. "ಹಾಗಾದ್ರೆ ಬಿಸಿಬೇಳೆಬಾತ್ ಒಂದು ಮಾಡಿದ್ರೆ..."

ಉಷಾ ಮಡಿಸಿದ ಟವೆಲನ್ನು ಗಂಡನ ಮಡಿಲಿನಲ್ಲಿಟ್ಟು ಫೋನಿನ ಹತ್ತಿರ ಬಾಗಿದಳು. "ಇಲ್ಲ ಅಕ್ಕ. ಎಣ್ಣೆ ಹಚ್ಚದೇನೇ ಮಲಗ್ತೀನಿ. ಹೋದ ವರ್ಷ ಒಂದು ನೆಪ ಬೇಕಿತ್ತು, ಈಗ ಬೇಡ."